ಮರಳಿ ಬಂದ ಜ್ವರ

ತಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರು ಯಾರಾದರೂ ಇದ್ದರೆ ಒಂದು ಮಾತನ್ನು ಕೇಳಿ ನೋಡಿರಿ. ಅವರ ತಾಯಿಯೋ ಅಜ್ಜಿಯೋ ೧೯೧೮ನೆಯ ಇಸವಿಯ ಜ್ವರದ ವಿಷಯವನ್ನು ಎಂದಾದರೂ ಹೇಳಿದ್ದರೇ? ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ನಾಲ್ಕು ತಲೆಗಳಿಂದ ನೆಲೆನಿಂತ ಮನೆತನವಾದರೆ ಉತ್ತರ ಹೌದೆಂದೇ ಬಂದೀತು.

ನಮ್ಮ ಅಜ್ಜಿ ಆ ವರ್ಷ ಹತ್ತು ವರುಷದ ಹುಡುಗಿ. ಆಕೆಯ ತವರು ಶಿರಹಟ್ಟಿಯ ಕಡೆಯ ಒಂದು ಹಳ್ಳಿ. ಆಕೆಗೆ ಇಪ್ಪತ್ತೆರಡರ ಪ್ರಾಯದ ಒಬ್ಬ ಅಣ್ಣನಿದ್ದ. ಮೂರು ದಿನ ಮೈ ಸುಡುವ ಜ್ವರದಿಂದ ಮಲಗಿದ್ದವನು ನಾಲ್ಕನೆಯ ದಿನ ಎದ್ದು ಕುಳಿತ, ಅಂಬಲಿ ಕುಡಿದ, ಎತ್ತುಗಳಿಗೆ ನೀರು ತೋರಿಸಿ ಬರುತ್ತೇನೆಂದು ಹೊರಟ. ಮನೆಯವರಿಗೆಲ್ಲ ಜೀವದಲ್ಲಿ ಜೀವ ಬಂತು. ಮರುದಿನ ಸಂಜೆ ಚಳಿ ನಡುಗಿ ಜ್ವರ ತಿರುಗಿ ಏರಿತು. ಪಕ್ಕೆಯಲ್ಲಿ ಚುಚ್ಚುವ ನೋವು, ಕೆಮ್ಮಿದರೆ ಕಂದುಗೆಂಪು ಕಫ. ಇನ್ನು ಮೂರು ದಿನಕ್ಕೆ ಅವನು ಇರಲಿಲ್ಲ. ಅಜ್ಜಿ ಈ ಕಥೆಯನ್ನು ಹೇಳಿ ಮುಗಿಸುವಾಗ ಪ್ರತಿಸಲವೂ ಅದೇ ಮಾತು: “ಮೊದಲ ಬಂದ ಜ್ವರ ಬಿಟ್ಟು ಹೋತಪಾ, ಹೊಳ್ಳಿ ಬಂದದ್ದು ಒಯ್ತು.”

ಬಾಲ್ಯದಲ್ಲಿ ಇದು ನನಗೆ ಬರಿಯ ದುಃಖದ ಮಾತಾಗಿ ಕೇಳಿಸುತ್ತಿತ್ತು. ಶಾಲೆಯಲ್ಲಿ ಕನ್ನಡ ಕಲಿಸುತ್ತ ಅಲ್ಲಿಷ್ಟು ಇಲ್ಲಿಷ್ಟು ಓದಿದ ಮೇಲೆ, ಅಕ್ಷರ ಬಾರದ ಆ ಮುದುಕಿ ಹೇಳಿದ್ದು ವೈದ್ಯಶಾಸ್ತ್ರದ ಒಂದು ದೊಡ್ಡ ಸಂಗತಿಯೆಂದು ತಿಳಿಯಿತು. ಮೊದಲು ಬಂದದ್ದು ಯಾವುದು, ಹೊಳ್ಳಿ ಬಂದದ್ದು ಯಾವುದು ಎಂಬುದನ್ನು ಬಿಡಿಸಿ ನೋಡಲು ಜಗತ್ತಿನ ಪಂಡಿತರಿಗೆ ಹತ್ತಿರ ಹತ್ತಿರ ತೊಂಬತ್ತು ವರ್ಷ ಹಿಡಿದವು.

೧೯೧೮ರಲ್ಲಿ ನಮ್ಮ ಈ ಊರುಗಳು ಒಂದೇ ಆಳಿಕೆಯ ಕೆಳಗೆ ಇರಲಿಲ್ಲವೆಂಬುದು ಇಂದಿನ ಅನೇಕ ಮಕ್ಕಳಿಗೆ ಗೊತ್ತಿಲ್ಲ. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಪಂಪನು ಅಭಿಮಾನದಿಂದ ನೆನೆದ ಪುಲಿಗೆರೆ, ಅಂದರೆ ಲಕ್ಷ್ಮೇಶ್ವರ, ಮಿರಜ ಸಂಸ್ಥಾನದ್ದು. ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗಿ, ೧೯೫೬ರಲ್ಲಿ ರಾಜ್ಯ ಒಂದಾಗಿ, ೧೯೯೭ರಲ್ಲಿ ಗದಗ ಜಿಲ್ಲೆಯಾದ ಮೇಲೆಯೇ ಇವೆಲ್ಲ ಒಂದು ಮನೆಯ ಮಕ್ಕಳಾದದ್ದು. ಆದರೆ ರೋಗಕ್ಕೆ ಗಡಿಯ ಕಲ್ಲು ಕಾಣಿಸುವುದಿಲ್ಲ. ಅದು ಮನುಷ್ಯನ ಉಸಿರನ್ನೇ ಹತ್ತಿ ಬಂತು, ಮನುಷ್ಯನು ರೈಲನ್ನು ಹತ್ತಿ ಬಂದನು.

ಗದಗ ಆಗಲೇ ಮೂರು ದಾರಿ ಕೂಡುವ ಜಂಕ್ಷನ್ನು. ಪಶ್ಚಿಮಕ್ಕೆ ಹುಬ್ಬಳ್ಳಿ, ಪೂರ್ವಕ್ಕೆ ಬಳ್ಳಾರಿ-ಗುಂತಕಲ್ಲು, ಉತ್ತರಕ್ಕೆ ವಿಜಾಪುರ ಹಾಯ್ದು ಸೊಲ್ಲಾಪುರದ ಕಡೆಯ ಹೊಟಗಿ. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸಿಪಾಯಿಗಳು ಹಡಗಿನಿಂದ ಇಳಿಯುತ್ತಿದ್ದರು, ಹತ್ತುತ್ತಿದ್ದರು. ೧೯೧೮ರ ಜೂನದಲ್ಲಿ ಮುಂಬಯಿ ಬಂದರದಲ್ಲಿ ಇನ್‌ಫ್ಲುಯೆಂಜಾ ಕಾಣಿಸಿಕೊಂಡಿತು. ಆ ಮೊದಲ ಅಲೆ ಹಗುರವಾಗಿಯೇ ಸರಿದು ಹೋಯಿತು. ಸಪ್ಟಂಬರದಲ್ಲಿ ಎರಡನೆಯ ಅಲೆ ಎದ್ದಿತು. ಅಕ್ಟೋಬರದಲ್ಲಿ ಅದರ ಹೊಡೆತ ಹೇಳತೀರದಂತಾಯಿತು. ರೈಲಿನ ಊರುಗಳಿಗೆ ಮೊದಲು, ಚಕ್ಕಡಿಯ ಹಾದಿಯ ಊರುಗಳಿಗೆ ಆಮೇಲೆ, ಇದು ಅದು ಹರಡಿದ ಬಗೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ರೈಲು ಇರಲಿಲ್ಲ. ಗದಗಿನ ಪೇಟೆಗೆ ಹೋಗಿಬರುವ ಚಕ್ಕಡಿಗಳಿದ್ದವಲ್ಲ, ಅಷ್ಟು ಸಾಕಿತ್ತು. ಮರಾಠಿ ಸೀಮೆಯವರು ಇದನ್ನು ‘ಮಾನಮೋಡಿ’ ಎಂದರು, ಕತ್ತು ಮುರಿಯುವ ಬೇನೆ. ಅಜ್ಜಿಯ ಊರಲ್ಲಿ ಆ ವರ್ಷದ ದಸರೆಗೆ ಯಾರೂ ಯಾರ ಮನೆಗೂ ಬನ್ನಿ ಕೊಡಲು ಹೋಗಲಿಲ್ಲವಂತೆ.

ಅದೇ ವರ್ಷ ಮುಂಗಾರು ಕೈಕೊಟ್ಟಿತ್ತು. ಯುದ್ಧದ ಮೂಲಕ ಕಾಳುಕಡಿಯ ಧಾರಣೆ ಏರಿತ್ತು. ಅರೆಹೊಟ್ಟೆಯ ಮೈಗಳ ಮೇಲೆ ರೋಗ ಬಂದು ಬಿದ್ದಿತು. ಮುಂಬಯಿ ಇಲಾಖೆಯೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ ಸತ್ತರು. ಇಡೀ ಹಿಂದುಸ್ಥಾನದ ಲೆಕ್ಕವನ್ನು ಕೆಲವರು ಒಂದು ಕೋಟಿ ಇಪ್ಪತ್ತು ಲಕ್ಷವೆನ್ನುತ್ತಾರೆ, ಕೆಲವರು ಎರಡು ಕೋಟಿಯ ಹತ್ತಿರಕ್ಕೆ ಒಯ್ಯುತ್ತಾರೆ. ವಿಚಿತ್ರವೆಂದರೆ ಸಾಧಾರಣ ನೆಗಡಿ ಜ್ವರಗಳು ಮುದುಕರನ್ನೂ ಕೂಸುಗಳನ್ನೂ ಒಯ್ದರೆ, ಇದು ಇಪ್ಪತ್ತರಿಂದ ನಲವತ್ತರ ವಯಸ್ಸಿನ ಗಟ್ಟಿ ಆಳುಗಳನ್ನು ಆರಿಸಿಕೊಂಡಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಮನೆಮಂದಿಯೆಲ್ಲ ಮಲಗಿದಾಗ ಒಲೆಯ ಮುಂದೆ ಏಳಬೇಕಾದವಳು ಯಾರು, ಬೇನೆಯವರ ಮಗ್ಗುಲಲ್ಲಿ ಕೂಡಬೇಕಾದವಳು ಯಾರು ಎಂಬುದನ್ನು ನೆನೆದರೆ ಇದಕ್ಕೆ ಹೆಚ್ಚಿನ ವಿವರಣೆ ಬೇಕಾಗಿಲ್ಲ.

ನಮ್ಮ ಭಾಗದ ಜನ ಸಾಂಕ್ರಾಮಿಕ ರೋಗ ಕಾಣದವರೇನಲ್ಲ. ಇಪ್ಪತ್ತು ವರ್ಷಗಳ ಹಿಂದೆ, ೧೮೯೮ರಲ್ಲಿ, ಪ್ಲೇಗು ಹುಬ್ಬಳ್ಳಿ, ಧಾರವಾಡ, ಗದಗಗಳನ್ನು ಅಲುಗಾಡಿಸಿತ್ತು. ಹಾಫ್‌ಕಿನ್ನರ ಲಸಿಕೆಯನ್ನು ಈ ಊರುಗಳಲ್ಲಿ ಸಾವಿರಗಟ್ಟಲೆ ಜನಕ್ಕೆ ಚುಚ್ಚಿದ್ದರು. ಪ್ಲೇಗಿಗೆ ಒಂದು ಗುರುತಿತ್ತು: ಇಲಿ ಬೀಳುತ್ತಿತ್ತು. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರೆ ಜೀವ ಉಳಿಯುತ್ತಿತ್ತು. ೧೯೧೮ರಲ್ಲಿಯೂ ಕೆಲವರು ಹಳೆಯ ರೂಢಿಯಂತೆ ಹೊಲಕ್ಕೆ ಓಡಿದರೆಂದು ಅಜ್ಜಿ ಹೇಳುತ್ತಿದ್ದಳು. ಇಲಿಯನ್ನು ಊರಲ್ಲಿ ಬಿಟ್ಟು ಓಡಬಹುದು. ಉಸಿರನ್ನು ಬಿಟ್ಟು ಓಡುವುದೆಲ್ಲಿಗೆ?

ಇನ್ನು ಆ ‘ಹೊಳ್ಳಿ ಬಂದದ್ದರ’ ಬೆನ್ನು ಹತ್ತೋಣ. ಇದಕ್ಕಾಗಿ ತಮ್ಮನ್ನು ಸ್ವಲ್ಪ ಹಿಂದಕ್ಕೆ, ಅದೂ ದೂರದ ಊರುಗಳಿಗೆ ಕರೆದೊಯ್ಯಬೇಕಾಗಿದೆ.

೧೮೮೧ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಸ್ತರನು ಹುಚ್ಚುನಾಯಿ ಕಡಿತದಿಂದ ಸತ್ತ ಒಂದು ಮಗುವಿನ ಜೊಲ್ಲನ್ನು ಪರೀಕ್ಷಿಸುತ್ತಿದ್ದ. ಅದೇ ಹೊತ್ತಿಗೆ ಅಮೆರಿಕದಲ್ಲಿ ಸ್ಟರ್ನ್‌ಬರ್ಗನೆಂಬ ಸೈನ್ಯದ ವೈದ್ಯ ತನ್ನದೇ ಜೊಲ್ಲನ್ನು ಪರೀಕ್ಷಿಸುತ್ತಿದ್ದ. ಒಬ್ಬರಿಗೊಬ್ಬರು ತಿಳಿಯದೆ ಇಬ್ಬರೂ ಒಂದೇ ಸೂಕ್ಷ್ಮಾಣುವನ್ನು ಕಂಡರು: ಎರಡೆರಡಾಗಿ ಜೋಡಿಗೂಡಿದ ಸಣ್ಣ ಗುಂಡುಗಳು. ಮೊಲಕ್ಕೆ ಚುಚ್ಚಿದರೆ ಮೊಲ ಸಾಯುತ್ತಿತ್ತು. ಇಲ್ಲೊಂದು ಸಂಗತಿಯನ್ನು ತಾವು ಲಕ್ಷ್ಯದಲ್ಲಿಡಬೇಕು. ಸ್ಟರ್ನ್‌ಬರ್ಗನಿಗೆ ಯಾವ ಬೇನೆಯೂ ಇರಲಿಲ್ಲ! ಕೊಲ್ಲುವ ಸೂಕ್ಷ್ಮಾಣು ಆರೋಗ್ಯವಂತನ ಬಾಯಲ್ಲಿ ಬಾಡಿಗೆಯಿಲ್ಲದೆ ಸುಖವಾಗಿ ವಾಸವಾಗಿತ್ತು.

ಇದು ನ್ಯುಮೋನಿಯಾದ ಕಾರಣವೆಂದು ತೋರಿಸಿದವನು ಬರ್ಲಿನ್ನಿನ ಫ್ರೆಂಕೆಲ್. ಆದರೆ ಅದೇ ಬರ್ಲಿನ್ನಿನಲ್ಲಿ ಫ್ರೀಡ್‌ಲೆಂಡರನೆಂಬ ಇನ್ನೊಬ್ಬನು ನ್ಯುಮೋನಿಯಾದಿಂದ ಸತ್ತವರ ಪುಪ್ಪುಸದಲ್ಲಿ ಬೇರೊಂದು, ಗಿಡ್ಡ ಕಡ್ಡಿಯಂತಹ ಸೂಕ್ಷ್ಮಾಣುವನ್ನು ಕಂಡು, ಕಾರಣ ಇದೇ ಎಂದ. ಇಬ್ಬರಿಗೂ ಜಗಳ ಹತ್ತಿತು. ಈ ಜಗಳದ ನಡುವೆ ಫ್ರೀಡ್‌ಲೆಂಡರನ ಕೈಕೆಳಗೆ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಹಾನ್ಸ್ ಕ್ರಿಸ್ಟಿಯನ್ ಗ್ರಾಮ್ ಎಂಬ ತರುಣ ಒಂದು ಬಣ್ಣಗಾರಿಕೆಯನ್ನು ಕಂಡುಹಿಡಿದ. ಪುಪ್ಪುಸದ ತೆಳುವಾದ ಸೀಳಿಗೆ ನೇರಳೆ ಬಣ್ಣ ಹಾಕುವುದು, ಅಯೋಡಿನ್ ನೀರಿನಿಂದ ಅದನ್ನು ಕಚ್ಚಿಸುವುದು, ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯುವುದು. ಬೆಟಗೇರಿಯ ನೇಕಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎರಡು ಲಡಿ ನೂಲನ್ನು ಒಂದೇ ಬಾನಿಯಲ್ಲಿ ಅದ್ದಿ ತೆಗೆದು ತೊಳೆದರೆ, ಒಂದು ಬಣ್ಣ ಹಿಡಿದು ನಿಲ್ಲುತ್ತದೆ, ಇನ್ನೊಂದು ಬಣ್ಣ ಬಿಟ್ಟು ಬೆಳ್ಳಗಾಗುತ್ತದೆ. ಎಂದ ಮೇಲೆ ಅವೆರಡೂ ಒಂದೇ ಜಾತಿಯ ನೂಲಲ್ಲ. ಫ್ರೆಂಕೆಲನ ಜೋಡಿಗುಂಡು ನೇರಳೆಯಾಗಿ ಉಳಿಯಿತು, ಫ್ರೀಡ್‌ಲೆಂಡರನ ಕಡ್ಡಿ ಬಣ್ಣ ಬಿಟ್ಟಿತು. ೧೮೮೪ರಲ್ಲಿ ಗ್ರಾಮ್ ಇದನ್ನು ಪ್ರಕಟಿಸುವಾಗ, ತನ್ನ ವಿಧಾನ ಇನ್ನೂ ಅಪೂರ್ಣವೆಂದು ತಾನೇ ಒಪ್ಪಿಕೊಂಡಿದ್ದ. ಇಂದಿಗೂ ಜಿಲ್ಲಾ ಆಸ್ಪತ್ರೆಯ ಪ್ರಯೋಗಶಾಲೆಗೆ ಕಫ ಕೊಟ್ಟರೆ ಮೊದಲು ಮಾಡುವ ಪರೀಕ್ಷೆಗಳಲ್ಲಿ ಅದೊಂದು.

ಜಗಳದಲ್ಲಿ ಗೆದ್ದವರಾರು? ಇಬ್ಬರೂ. ೧೮೮೬ರ ಹೊತ್ತಿಗೆ ವಿಯೆನ್ನಾದ ವೈಕ್ಸೆಲ್‌ಬೌಮ್ ಅನೇಕ ರೋಗಿಗಳನ್ನು ಪರೀಕ್ಷಿಸಿ, ನ್ಯುಮೋನಿಯಾ ಒಂದೇ ಸೂಕ್ಷ್ಮಾಣುವಿನಿಂದ ಬರುವ ರೋಗವಲ್ಲ, ಬೇರೆ ಬೇರೆ ಸೂಕ್ಷ್ಮಾಣುಗಳು ಇದೇ ಕೆಡಕನ್ನು ಮಾಡಬಲ್ಲವು ಎಂದು ತೋರಿಸಿದ. ಹೆಚ್ಚಿನ ಪಾಲು ಆ ಜೋಡಿಗುಂಡಿನದು, ಅದನ್ನೇ ನ್ಯುಮೋಕಾಕಸ್ ಎನ್ನುತ್ತಾರೆ. ಪುಪ್ಪುಸದೊಳಗೆ ದ್ರಾಕ್ಷಿ ಗೊಂಚಲಿನಂತಹ ಕೋಟಿ ಕೋಟಿ ಗಾಳಿಗೂಡುಗಳಿವೆ ಸರಿಯಷ್ಟೆ. ಸೂಕ್ಷ್ಮಾಣು ಅಲ್ಲಿಗೆ ಇಳಿದರೆ ಅದರೊಡನೆ ಹೋರಾಡಲು ನೀರೂ ರಕ್ತದ ಕಣಗಳೂ ಬಂದು ತುಂಬಿ, ಗಾಳಿಯಾಡಬೇಕಾದ ಗೂಡು ಕೀವು ಕಟ್ಟಿದ ಗಡ್ಡೆಯಂತಾಗುತ್ತದೆ. ಹೆಸರು ಒಂದು, ಮಾಡುವವರು ಹಲವರು.

ಈಗ ಒಂದು ಹೆಸರಿನ ಅನರ್ಥವನ್ನು ಹೇಳಬೇಕು. ಭಾಷೆ ಕಲಿಸುವವನಾದ್ದರಿಂದ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ೧೮೯೨ರಲ್ಲಿ ಫೈಫರ್ ಎಂಬ ಜರ್ಮನ್ ವಿದ್ವಾಂಸನು ಇನ್‌ಫ್ಲುಯೆಂಜಾ ಆದವರ ಕಫದಲ್ಲಿ ಒಂದು ಸಣ್ಣ ಕಡ್ಡಿಯನ್ನು ಕಂಡು, ಇನ್‌ಫ್ಲುಯೆಂಜಾದ ಮೂಲ ಇದೇ ಎಂದು ಸಾರಿದ. ದೊಡ್ಡವರ ಮಾತು, ಜಗತ್ತು ನಂಬಿತು. ೧೯೧೮ರಲ್ಲಿ ಎಲ್ಲ ದೇಶದ ಪ್ರಯೋಗಶಾಲೆಗಳೂ ಆ ಕಡ್ಡಿಯನ್ನು ಹುಡುಕತೊಡಗಿದವು. ಕೆಲವರಲ್ಲಿ ಸಿಕ್ಕಿತು, ಕೆಲವರಲ್ಲಿ ಇಲ್ಲ. ಅದರ ಬದಲು ನ್ಯುಮೋಕಾಕಸ್, ಸ್ಟ್ರೆಪ್ಟೋಕಾಕಸ್ ಸಿಕ್ಕವು. ಬ್ರಿಟನ್, ಅಮೆರಿಕಗಳಲ್ಲಿ ಇವನ್ನೆಲ್ಲ ಕೂಡಿಸಿದ ಲಸಿಕೆಗಳನ್ನೂ ಮಾಡಿದರು. ಕೊನೆಗೆ ೧೯೩೩ರಲ್ಲಿ ಸ್ಮಿತ್, ಆಂಡ್ರೂಸ್, ಲೇಡ್‌ಲಾ ಎಂಬ ಮೂವರು ಇಂಗ್ಲೆಂಡಿನಲ್ಲಿ, ನಮ್ಮ ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗೆ ರೋಗಿಗಳ ಗಂಟಲು ತೊಳೆದ ನೀರನ್ನು ಸೋಸಿ ಹಾಕಿ, ಇನ್‌ಫ್ಲುಯೆಂಜಾದ ಮೂಲ ಸೋಸುಬಟ್ಟಲಿನಲ್ಲೂ ನಿಲ್ಲದಷ್ಟು ಸಣ್ಣದಾದ ವೈರಸ್ ಎಂದು ಸಿದ್ಧಪಡಿಸಿದರು. ಆದರೆ ಫೈಫರನ ಕಡ್ಡಿಗೆ ಅಂಟಿದ ಹೆಸರು ಹೋಗಲಿಲ್ಲ. ಇಂದಿಗೂ ಅದು ‘ಹೀಮೋಫಿಲಸ್ ಇನ್‌ಫ್ಲುಯೆಂಜೀ’. ಇನ್‌ಫ್ಲುಯೆಂಜಾ ತರದ ಇನ್‌ಫ್ಲುಯೆಂಜೀ! ಹಾಗೆಂದು ಅದು ನಿರಪರಾಧಿಯೂ ಅಲ್ಲ. ಎಳೆಯ ಮಕ್ಕಳ ನ್ಯುಮೋನಿಯಾದಲ್ಲೂ ಮಿದುಳುಪೊರೆಯ ಉರಿತದಲ್ಲೂ ಅದರ ಕೈ ದೊಡ್ಡದು.

ಈಗ ಅಜ್ಜಿಯ ಮಾತಿಗೆ ಮರಳೋಣ. ೨೦೦೮ರಲ್ಲಿ ಮೋರೆನ್ಸ್, ಟಾಬೆನ್‌ಬರ್ಗರ್, ಫೌಚಿ ಎಂಬ ಅಮೆರಿಕದ ಮೂವರು ವೈದ್ಯವಿಜ್ಞಾನಿಗಳು, ೧೯೧೮-೧೯ರಲ್ಲಿ ಸತ್ತವರ ಶವಪರೀಕ್ಷೆಯಲ್ಲಿ ತೆಗೆದಿಟ್ಟಿದ್ದ ೫೮ ಪುಪ್ಪುಸದ ತುಣುಕುಗಳನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಆ ಕಾಲದ ಎಂಟು ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ವರದಿಗಳನ್ನು ಓದಿದರು. ಅವರ ತೀರ್ಮಾನ ಇದು: ವೈರಸ್ಸು ಗಂಟಲಿನಿಂದ ಪುಪ್ಪುಸದವರೆಗಿನ ಒಳಪದರನ್ನು ಕೆತ್ತಿಹಾಕಿತು, ಹಾಗೆ ತೆರೆದ ಬಾಗಿಲಿನಿಂದ ಮೂಗು ಬಾಯಿಗಳಲ್ಲಿ ಮೊದಲೇ ಬೀಡುಬಿಟ್ಟಿದ್ದ ಸೂಕ್ಷ್ಮಾಣುಗಳು ಕೆಳಗಿಳಿದವು, ಹೆಚ್ಚಿನ ಜನ ಸತ್ತದ್ದು ಆ ಎರಡನೆಯ ದಾಳಿಯಿಂದ. ಮೊದಲ ಜ್ವರ ಬಿಟ್ಟು ಹೋಯಿತು, ಹೊಳ್ಳಿ ಬಂದದ್ದು ಒಯ್ದಿತು. ಸ್ಟರ್ನ್‌ಬರ್ಗನ ಜೊಲ್ಲಿನಲ್ಲಿದ್ದ ಆ ಬಾಡಿಗೆಯಿಲ್ಲದ ವಾಸಿಯನ್ನು ತಾವು ಇಲ್ಲಿ ನೆನೆಯಬೇಕು.

ನಮ್ಮ ಹಳೆಯ ವೈದ್ಯರು ಕಾರಣ ಕಾಣದಿದ್ದರೂ ಲಕ್ಷಣವನ್ನು ಕಂಡಿದ್ದರು. ಬಿಟ್ಟು ಮತ್ತೆ ಬರುವ ಜ್ವರವನ್ನು ಚರಕಸಂಹಿತೆ ಪುನರಾವರ್ತಕವೆಂದು ಬೇರೆಯಾಗಿ ಎಣಿಸಿ, ಜ್ವರ ಬಿಟ್ಟವನು ಬಲ ಬರುವ ಮೊದಲೇ ಮೈ ದಣಿಸಬಾರದೆಂದು ಎಚ್ಚರಿಸುತ್ತದೆ. ಜನರ ಬಾಯಲ್ಲಿ ಇಂತಹ ಕಡುಜ್ವರಕ್ಕೆಲ್ಲ ‘ಸನ್ನಿಪಾತ’ವೆಂಬ ಹೆಸರು, ಅದು ಸವೆದು ‘ಸನ್ನಿ’. ಶಬ್ದದ ಅರ್ಥ ‘ಒಟ್ಟಾಗಿ ಬೀಳುವುದು’ ಎಂದು. ಶಾಸ್ತ್ರದಲ್ಲಿ ಒಟ್ಟಾಗಿ ಬಿದ್ದದ್ದು ವಾತ ಪಿತ್ತ ಕಫಗಳು. ೧೯೧೮ರಲ್ಲಿ ನಮ್ಮ ನಾಡಿನ ಮೇಲೆ ಒಟ್ಟಾಗಿ ಬಿದ್ದದ್ದು ವೈರಸ್ಸು, ನ್ಯುಮೋಕಾಕಸ್ಸು, ಬರಗಾಲ. ಎರಡೂ ಒಂದೇ ಎಂದು ನಾನು ವಾದಿಸುವುದಿಲ್ಲ. ಹಾಗೆ ವಾದಿಸುವವರ ಸಂಖ್ಯೆ ಈಗಾಗಲೇ ಸಾಕಷ್ಟಿದೆ. ಶಬ್ದ ಮಾತ್ರ ಚೆನ್ನಾಗಿ ಹೊಂದುತ್ತದೆ.

ಅಜ್ಜಿಯ ಅಣ್ಣನಿಗೆ ಯಾವ ಮದ್ದೂ ಇರಲಿಲ್ಲ. ಮದ್ದು ಬಂದದ್ದು ಇಪ್ಪತ್ತು ವರ್ಷ ತಡವಾಗಿ. ೧೯೩೮ರಲ್ಲಿ ಸಲ್ಫಾ ಜಾತಿಯ ‘ಎಂ. ಬಿ. ೬೯೩’ ಎಂಬ ಗುಳಿಗೆ ಹೊರಬಂತು. ೧೯೪೩ರ ಡಿಸೆಂಬರದಲ್ಲಿ ನ್ಯುಮೋನಿಯಾ ಹಿಡಿದು ಮಲಗಿದ ಚರ್ಚಿಲ್ಲರಿಗೆ ಕೊಟ್ಟದ್ದು ಅದನ್ನೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪೆನಿಸಿಲಿನ್ ಸಾಮಾನ್ಯ ಜನರ ಕೈಗೆ ಬಂತು. ಅದರ ಕೆಲಸ ಬಲು ಸರಳ: ಸೂಕ್ಷ್ಮಾಣು ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯನ್ನು ಅದು ಕಟ್ಟಗೊಡುವುದಿಲ್ಲ, ಗೋಡೆ ಕುಸಿದು ಸೂಕ್ಷ್ಮಾಣು ಒಡೆಯುತ್ತದೆ. ಆದರೆ ಗೋಡೆಯೇ ಇಲ್ಲದ ಮನೆಯನ್ನು ಕೆಡಹುವುದು ಹೇಗೆ? ೧೯೪೪ರಲ್ಲಿ ಈಟನ್ ಎಂಬವನು ಕಂಡ, ೧೯೬೨ರಲ್ಲಿ ಮೈಕೋಪ್ಲಾಸ್ಮಾ ಎಂದು ಗುರುತಿಸಲ್ಪಟ್ಟ ಸೂಕ್ಷ್ಮಾಣು ಅಂತಹದು. ಶಾಲೆಯ ಮಕ್ಕಳಲ್ಲಿ, ತರುಣರಲ್ಲಿ ವಾರಗಟ್ಟಲೆ ಒಣಕೆಮ್ಮು ತರುವ ಆ ನ್ಯುಮೋನಿಯಾಕ್ಕೆ ಪೆನಿಸಿಲಿನ್ ಎಷ್ಟು ಕೊಟ್ಟರೂ ನೀರಿನಲ್ಲಿ ಹೋಮ. ಅದಕ್ಕೆ ಬೇರೆ ಜಾತಿಯ ಮದ್ದು ಬೇಕು. ೧೯೭೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರು ಸಾಲುಸಾಲಾಗಿ ನ್ಯುಮೋನಿಯಾದಿಂದ ಸತ್ತರು. ಕೆಲವು ತಿಂಗಳ ಮೇಲೆ ಸಿಕ್ಕ ಲೆಜಿಯೊನೆಲ್ಲಾ ಎಂಬ ಸೂಕ್ಷ್ಮಾಣು ನೀರಿನಲ್ಲಿ ಬೆಳೆದು, ತುಂತುರಿನೊಡನೆ ಉಸಿರಿಗೆ ಸೇರುವಂತಹದು. ನಮ್ಮದೇ ರಾಜ್ಯದ ಉಡುಪಿ-ಮಂಗಳೂರು ಕರಾವಳಿಯಲ್ಲಿ ಮಳೆಗಾಲದ ಮಣ್ಣುನೀರಿನಿಂದ, ವಿಶೇಷವಾಗಿ ಸಕ್ಕರೆ ಬೇನೆಯವರಿಗೆ ತಗಲುವ ಮೆಲಿಯೊಯ್ಡೋಸಿಸ್ ಕೂಡ ಪುಪ್ಪುಸಕ್ಕೆ ಇಳಿಯುತ್ತದೆ. ಸಾಮಾನ್ಯ ಮದ್ದಿಗೆ ಅದು ಜಗ್ಗುವುದಿಲ್ಲ.

ಆದುದರಿಂದಲೇ ವೈದ್ಯರು ಊರಲ್ಲಿ ಹತ್ತಿದ ನ್ಯುಮೋನಿಯಾ, ಆಸ್ಪತ್ರೆಯಲ್ಲಿ ಮಲಗಿದ್ದಾಗ ಹತ್ತಿದ ನ್ಯುಮೋನಿಯಾ ಎಂದು ಎರಡು ಬಗೆ ಮಾಡುತ್ತಾರೆ. ಎರಡರ ಸೂಕ್ಷ್ಮಾಣುಗಳೂ ಬೇರೆ, ಮದ್ದುಗಳೂ ಬೇರೆ. ಇಷ್ಟು ಕಲಿತ ಮೇಲೂ ಮನುಷ್ಯನು ಹೆಮ್ಮೆಪಡುವಂತಿಲ್ಲ. ೨೦೧೫ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಶೋಧದಲ್ಲಿ, ಊರಲ್ಲಿ ನ್ಯುಮೋನಿಯಾ ಹತ್ತಿ ಆಸ್ಪತ್ರೆ ಸೇರಿದ ವಯಸ್ಕರಲ್ಲಿ ನೂರಕ್ಕೆ ೩೮ ಜನರಲ್ಲಿ ಮಾತ್ರ ಯಾವುದಾದರೊಂದು ರೋಗಾಣು ಸಿಕ್ಕಿತು. ಸಿಕ್ಕವುಗಳಲ್ಲಿಯೂ ವೈರಸ್ಸುಗಳೇ ಹೆಚ್ಚು.

೨೦೨೦ ಬಂದಾಗ ನಾವೆಲ್ಲ ೧೯೧೮ನ್ನು ಕಂಡಂತೆಯೇ ಆಯಿತು. ಕೋವಿಡದಿಂದ ದೇಶದಲ್ಲಿ ಮೊದಲ ಸಾವು ಆದದ್ದು ನಮ್ಮ ಕಲಬುರ್ಗಿಯಲ್ಲಿ, ಮಾರ್ಚದಲ್ಲಿ. ಏಪ್ರಿಲದಲ್ಲಿ ಗದಗಕ್ಕೂ ಬಂತು. ಆದರೆ ಇತಿಹಾಸ ಹಾಗೆಯೇ ಮರುಕಳಿಸಲಿಲ್ಲ. ೧೯೧೮ರಲ್ಲಿ ವೈರಸ್ಸು ಬಾಗಿಲು ತೆರೆದಿತ್ತು, ಕೊಳ್ಳೆ ಹೊಡೆದವರು ಬೇರೆ. ಕೋವಿಡದಲ್ಲಿ ಬಹುಮಟ್ಟಿಗೆ ವೈರಸ್ಸೇ, ಅದರೊಡನೆ ಮೈ ತಾನೇ ಎಬ್ಬಿಸಿದ ಕೋಲಾಹಲವೇ, ಪುಪ್ಪುಸವನ್ನು ಕೆಡಿಸಿದವು. ವೈರಸ್ಸಿಗೆ ನಾಟದ ಸೂಕ್ಷ್ಮಾಣುನಾಶಕ ಗುಳಿಗೆಗಳನ್ನು ಜನ ಬುಟ್ಟಿಗಟ್ಟಲೆ ನುಂಗಿದರು. ಅವರಲ್ಲಿ ನಾನೂ ಒಬ್ಬ. ಒಂದು ಔಷಧದ ಅಂಗಡಿಯವನು ಚೀಟಿಯನ್ನೂ ಕೇಳದೆ ಐದು ಗುಳಿಗೆ ಕೊಟ್ಟ, ನಾನು ಮೂರು ನುಂಗಿ ಎರಡನ್ನು ಮೇಜಿನ ಸೆಳೆಗೂಡಿನಲ್ಲಿ ಮುಂದಿನ ಕೆಮ್ಮಿಗೆಂದು ಇಟ್ಟುಕೊಂಡೆ. ಮಕ್ಕಳಿಗೆ ಪಾಠ ಹೇಳುವವನ ಬುದ್ಧಿ! ಅರೆಬರೆ ಮದ್ದಿನಲ್ಲಿ ಬದುಕುಳಿದ ಸೂಕ್ಷ್ಮಾಣುಗಳೇ ಮದ್ದಿಗೆ ಮಣಿಯದ ಸಂತಾನವನ್ನು ಬೆಳೆಸುತ್ತವೆ. ಪೆನಿಸಿಲಿನ್ನಿಗೆ ಸುಲಭವಾಗಿ ಮಣಿಯದ ನ್ಯುಮೋಕಾಕಸ್ ೧೯೬೭ರಲ್ಲಿಯೇ ಆಸ್ಟ್ರೇಲಿಯಾದಲ್ಲಿ ವರದಿಯಾಗಿತ್ತು.

ಮನೆಯಲ್ಲಿ ಕೂಸುಗಳಿದ್ದವರಿಗೆ ಒಂದು ಲೆಕ್ಕವನ್ನು ಹೇಳಿಬಿಡುತ್ತೇನೆ. ನಮ್ಮ ಆಶಾ ಕಾರ್ಯಕರ್ತೆಯರಿಗೆ ಕಲಿಸಿರುವುದೂ ಇದನ್ನೇ. ಗಡಿಯಾರ ಹಿಡಿದು, ಅಳದೆ ಇರುವ ಕೂಸಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ೬೦, ಒಂದು ವರ್ಷದೊಳಗಿನದಕ್ಕೆ ೫೦, ಒಂದರಿಂದ ಐದು ವರ್ಷದ್ದಕ್ಕೆ ೪೦, ಇಷ್ಟಾದರೂ ಇದಕ್ಕೆ ಮೀರಿದರೂ ನ್ಯುಮೋನಿಯಾದ ಶಂಕೆ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ ಮುಂಜಾನೆಯವರೆಗೆ ಕಾಯಬಾರದು. ದೊಡ್ಡವರಲ್ಲಿ ಜ್ವರ ಬಿಟ್ಟು ಎರಡು ದಿನಕ್ಕೆ ಮತ್ತೆ ಏರಿ, ಪಕ್ಕೆ ಚುಚ್ಚತೊಡಗಿದರೆ ಅದೂ ಅಷ್ಟೇ.

ಕಳೆದ ವರ್ಷ ನಮ್ಮ ಮಗಳು ಬಾಣಂತನಕ್ಕೆ ಬಂದಿದ್ದಳು. ಆರು ವಾರದ ಮೊಮ್ಮಗಳನ್ನು ಎತ್ತಿಕೊಂಡು ನಾವು ಆರೋಗ್ಯ ಕೇಂದ್ರಕ್ಕೆ ಹೋದೆವು. ನರ್ಸಬಾಯಿಯವರು ಎರಡು ತೊಡೆಗೂ ಸೂಜಿ ಚುಚ್ಚಿ, ತಾಯಿ ಕಾರ್ಡಿನಲ್ಲಿ ತಾರೀಖು ಬರೆದರು. ಒಂದರಲ್ಲಿ ಫೈಫರನ ಆ ತಪ್ಪುಹೆಸರಿನ ಕಡ್ಡಿಯ ವಿರುದ್ಧದ ಲಸಿಕೆಯೂ ಸೇರಿದೆ. ಇನ್ನೊಂದರ ಮುಂದೆ ‘ಪಿಸಿವಿ’ ಎಂದಿತ್ತು. ಅದೇನೆಂದು ನನ್ನ ಹೆಂಡತಿ ಕೇಳಿದಳು. ೧೮೮೧ರಲ್ಲಿ ಪಾಸ್ತರನು ಕಂಡ ಆ ಜೋಡಿಗುಂಡು, ನ್ಯುಮೋಕಾಕಸ್. ಅದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿದ್ದು, ಬಹಳ ಕೆಡಕು ಮಾಡುವ ಕೆಲವನ್ನು ಈ ಲಸಿಕೆ ತಡೆಯುತ್ತದೆ. ನಮ್ಮ ದೇಶ ಇದನ್ನು ೨೦೧೭ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ ೨೦೨೧ರಲ್ಲಿ ಎಲ್ಲೆಡೆಗೂ ತಂದಿತು. ಇಷ್ಟೆಲ್ಲ ಹೇಳುವಷ್ಟು ಹೊತ್ತು ಅಲ್ಲಿರಲಿಲ್ಲ, ಕೂಸು ಅಳುತ್ತಿತ್ತು. “ಅಜ್ಜಿ ಹೇಳ್ತಿದ್ಳಲ್ಲ, ಹೊಳ್ಳಿ ಬಂದದ್ದು ಅಂತ, ಅದಕ್ಕ” ಎಂದ್ಹೇಳಿ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡೆ. ಪಿಸಿವಿಯ ಮುಂದಿನ ಸೂಜಿ ಹದಿನಾಲ್ಕನೆಯ ವಾರಕ್ಕೆ, ಆಮೇಲಿನದು ಒಂಬತ್ತು ತಿಂಗಳಿಗೆ.